ಯೆಜ್ಡಿಗೊಂದು ಕನ್ನಡಿ

ಮನೆಯಿಂದ ಹೊರಟವರು ಹೊಸಿಲು ದಾಟಿದ ಮೇಲೆ ತಿರುಗಿ ನೋಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಪ್ಪ ಅವಳ ಬೇರೆ ಯಾವ ಮಾತು ಕೇಳಿದರೋ ಬಿಟ್ಟರೋ, ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದರು. ಪಿರಿಯಾಪಟ್ಟಣದ ಕಡೆಯ ಹಳ್ಳಿಶಾಲೆಗಳಲ್ಲಿ ಮೇಷ್ಟ್ರಾಗಿದ್ದ ಅವರು ಹುಣಸೂರಿನಿಂದ ದಿನವೂ ಯೆಜ್ಡಿ ಮೇಲೆ ಹೋಗಿ ಬರುತ್ತಿದ್ದರು. ಆ ಬೈಕಿಗೆ ಕನ್ನಡಿಯೇ ಇರಲಿಲ್ಲ. ಹಿಂದೆ ಬಸ್ಸು ಬಂದರೆ ಹಾರನ್ ಕೇಳುತ್ತಿತ್ತು. ಕೇಳಿದಾಗ ಎಡಕ್ಕೆ ಸರಿಯುತ್ತಿದ್ದರು. ಅಷ್ಟೇ ಅವರ ಸಂಚಾರಶಾಸ್ತ್ರ.

ಅಪ್ಪ ತೀರಿಕೊಂಡ ಮೇಲೆ ಬೈಕು ಕೆಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಅದನ್ನು ಮತ್ತೆ ಓಡಿಸಬೇಕೆಂದು ಹೊರಟಾಗ ಎಂಜಿನ್ನು ಕೂಡ ಅಷ್ಟು ಕಾಡಲಿಲ್ಲ, ಕನ್ನಡಿ ಕಾಡಿತು. ಅಂಗಡಿಯಲ್ಲಿ ಸಿಕ್ಕಿದ್ದು ಯಾವುದೂ ಅದಕ್ಕೆ ಹೊಂದಲಿಲ್ಲ. ಕೊನೆಗೆ ಮಾಡಿಸಬೇಕಾಯಿತು. ಒಂದಲ್ಲ, ಎರಡು ಸಲ. ಆ ನೆಪದಲ್ಲಿ ಈ ಅಂಗೈಯಗಲದ ಗಾಜಿನ ಚರಿತ್ರೆಯನ್ನೂ ನಮ್ಮ ಸೀಮೆಯ ದುಡಿಮೆಯ ಚರಿತ್ರೆಯನ್ನೂ ಸ್ವಲ್ಪ ಕೆದಕಿದೆ. ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ.

ಕನ್ನಡಿ ನಮಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ದರ್ಪಣಸುಂದರಿ ಇವತ್ತಿಗೂ ಕನ್ನಡಿ ಹಿಡಿದು ನಿಂತಿದ್ದಾಳೆ. ಅವಳ ಕೈಯಲ್ಲಿರುವುದು ಗಾಜಲ್ಲ, ತಿಕ್ಕಿ ಹೊಳಪಿಸಿದ ಲೋಹ. ಕೇರಳದ ಆರನ್ಮುಳದಲ್ಲಿ ತಾಮ್ರ ಮತ್ತು ತವರ ಬೆರೆಸಿ ಅಂಥ ಲೋಹದ ಕನ್ನಡಿಯನ್ನು ಈಗಲೂ ಎರಕ ಹೊಯ್ಯುತ್ತಾರೆ. ಗಾಜಿನ ಬೆನ್ನಿಗೆ ಬೆಳ್ಳಿಯ ತೆಳುಪೊರೆ ಹಿಡಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ಕನ್ನಡಿ ಅಗ್ಗವಾಗಿ ಕ್ಷೌರದಂಗಡಿಗೂ ಹಳ್ಳಿಮನೆಯ ಗೋಡೆಗೂ ಬಂದದ್ದು ಅದರ ನಂತರದ ಕತೆ. ಆದರೆ ಅಲ್ಲೆಲ್ಲ ಕನ್ನಡಿ ತೋರಿಸಿದ್ದು ನೋಡುವವರ ಮುಖವನ್ನೇ. ಬೆನ್ನ ಹಿಂದಿನದನ್ನು ತೋರಿಸು ಎಂದು ಅದನ್ನು ಕೇಳಿದ್ದು ಮೋಟಾರು ಬಂದ ಮೇಲೆ.

ಎತ್ತಿನ ಗಾಡಿಗೆ ಕನ್ನಡಿಯ ಹಂಗಿರಲಿಲ್ಲ. ಹಿಂದಿನವನೂ ಎತ್ತಿನ ವೇಗದಲ್ಲೇ ಬರುತ್ತಿದ್ದ. ರಾತ್ರಿ ಗಾಡಿಯ ಕೆಳಗೆ ಲಾಟೀನು ತೂಗುಬಿಟ್ಟು ಗಾಡಿಯವನು ನಿದ್ದೆ ಹೋದರೂ ಎತ್ತುಗಳು ಮನೆ ಸೇರುತ್ತಿದ್ದವು. ಗಾಡಿಯ ಮಾತು ಬಂದಾಗ ಹುಣಸೂರಿನ ಹಳೆಯ ಹೆಸರನ್ನು ನೆನೆಯಲೇಬೇಕು. ಅಮೃತಮಹಲ್ ದನಗಳ ಸಾಕಣೆಯ ಕೇಂದ್ರ ಇಲ್ಲಿತ್ತು. ಬ್ರಿಟಿಷರ ಸೈನ್ಯಕ್ಕೆ ಸರಕು ಒದಗಿಸುವ ಕಮಿಸರಿಯಟ್ ಇಲಾಖೆ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಮಂಡಿ ನಡೆಸುತ್ತಿತ್ತು. 1860ರ ದಶಕದಲ್ಲಿ ಅವೆಲ್ಲ ಮುಚ್ಚಿದವು. ಆದರೆ ಕೆಲಸ ಕಲಿತ ಕೈಗಳು ಊರಲ್ಲೇ ಉಳಿದವು. ಸರ್ಕಾರಿ ಕಾರ್ಖಾನೆ ಹೋದ ಮೇಲೂ ಹುಣಸೂರಿನಲ್ಲಿ ಒಳ್ಳೆಯ ಬೂಟು, ಕಂಬಳಿ, ಪೀಠೋಪಕರಣ, ಗಾಡಿ ತಯಾರಾಗುತ್ತಿದ್ದವು ಎಂಬುದು ಆ ಕಾಲದ ಗೆಜೆಟಿಯರುಗಳಲ್ಲಿ ದಾಖಲಾಗಿದೆ. ಕಾರ್ಖಾನೆ ಮುಚ್ಚಿತು, ಕಸುಬು ಉಳಿಯಿತು. ಈ ಮಾತು ಇನ್ನೊಮ್ಮೆ ಬರುತ್ತದೆ.

ವಾಹನಕ್ಕೆ ಕನ್ನಡಿ ಬಂದದ್ದು ನೇರ ದಾರಿಯಲ್ಲಲ್ಲ. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಕಾರು ಓಟಗಾರ್ತಿ ಹೆಂಗಸರಿಗಾಗಿ ಕಾರಿನ ಬಗ್ಗೆ ಒಂದು ಪುಸ್ತಕ ಬರೆದಳು. ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದು ಹಿಂದೆ ಏನಿದೆ ನೋಡಿ ಎಂಬುದು ಅದರಲ್ಲಿದ್ದ ಸಲಹೆ. ಎರಡು ವರ್ಷದ ನಂತರ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನ 500 ಮೈಲಿ ಓಟದಲ್ಲಿ ರೇ ಹ್ಯಾರೂನ್ ತನ್ನ ಮಾರ್ಮನ್ ಕಾರಿಗೆ ಕನ್ನಡಿ ಕಟ್ಟಿಕೊಂಡು ಬಂದ. ಆಗ ಪ್ರತಿ ಕಾರಿನಲ್ಲೂ ಓಡಿಸುವವನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆ ಎಂದು ಹೇಳುವುದೂ ಅವನ ಕೆಲಸವೇ. ಹ್ಯಾರೂನನದು ಒಬ್ಬನೇ ಕೂರುವ ಕಾರು. ಉಳಿದವರು ಆಕ್ಷೇಪವೆತ್ತಿದ್ದರಿಂದ ಮನುಷ್ಯನ ಬದಲು ಕನ್ನಡಿ ಹಾಕಿದ. ಓಟ ಗೆದ್ದ. ಬಹಳ ವರ್ಷದ ಮೇಲೆ ಅವನೇ ಒಪ್ಪಿಕೊಂಡ ಸಂಗತಿ ಇದು: ಇಟ್ಟಿಗೆ ಹಾಸಿದ ಆ ಹಾದಿಯಲ್ಲಿ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಅದರಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ.

ಈ ನಡುಕ ನನ್ನ ಕನ್ನಡಿಯ ಕತೆಯಲ್ಲೂ ಇದೆ. ಅದಕ್ಕೆ ಮೊದಲು ಯೆಜ್ಡಿಯ ವಿಷಯ.

ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಶುರುಮಾಡಿದ ಬೈಕು ಜಾವಾ. ಯಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳು ಸೇರಿ ಆ ಹೆಸರಾಯಿತು. ಅದನ್ನು ಇಲ್ಲಿಯೇ ತಯಾರಿಸಲು ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಅಲ್ಲಿನ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ಒದ್ದು ಚಾಲೂ ಮಾಡುವ ಕಿಕ್ಕರೇ ಮಡಚಿದರೆ ಗೇರಾಗುತ್ತಿತ್ತು. ಅದರ ಸದ್ದು ಮೈಸೂರು ಜಿಲ್ಲೆಯ ಎರಡು ತಲೆಮಾರಿಗೆ ಪರಿಚಿತ. ಹಳ್ಳಿ ಕೊನೆಯಲ್ಲಿ ಯೆಜ್ಡಿ ತಿರುಗಿತೆಂದರೆ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇಲ್ಲಿಯೂ ಅದೇ ಆಯಿತು. ಕಾರ್ಖಾನೆ ಹೋಯಿತು, ಬೈಕುಗಳು ಉಳಿದವು. ಕಂಪನಿಯ ಬಿಡಿಭಾಗ ಬರುವುದು ನಿಂತ ಮೇಲೆ ಅವುಗಳನ್ನು ಓಡುವಂತೆ ಇಟ್ಟಿದ್ದು ಲೇತ್ ಅಂಗಡಿಗಳು, ವೆಲ್ಡಿಂಗ್ ಅಂಗಡಿಗಳು, ಗುಜರಿಯವರು. ಬುಷ್ ಸವೆದರೆ ತಿರುವಿ ಕೊಟ್ಟರು, ತಗಡು ತುಕ್ಕು ಹಿಡಿದರೆ ಬಡಿದು ಕೊಟ್ಟರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯಿಂದ ಮತ್ತೆ ಬಂದವು, ಸಂತೋಷವೇ. ಆದರೆ ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ಹಳೆಯ ಬೈಕುಗಳನ್ನು ಕಾಪಾಡಿದ ಕೈಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಂತಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೈಕು ಬರೀ ಸವಾರಿಗಿರುವುದಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಅದರ ಹಿಂದಿನ ಸೀಟು ಹೊಗೆಸೊಪ್ಪು ಹೊರುತ್ತದೆ, ಬ್ಯಾರನ್‌ಗೆ ಸೌದೆ ಹೊರುತ್ತದೆ. ಕೆ.ಆರ್. ನಗರದ ಕಾಲುವೆ ಬದಿಯ ದಾರಿಗಳಲ್ಲಿ ಹಸಿಹುಲ್ಲಿನ ಹೊರೆಯೇ ತಾನಾಗಿ ಬರುತ್ತಿದೆಯೋ ಎಂಬಂತೆ ಬರುತ್ತದೆ, ಕೆಳಗೆ ಬೈಕಿದೆ ಎಂದು ಗೊತ್ತಾಗುವುದು ಹತ್ತಿರ ಬಂದಾಗ. ಬೆಳಗ್ಗೆ, ಸಂಜೆ ಡೈರಿಗೆ ಹಾಲಿನ ಕ್ಯಾನು. ಎಚ್.ಡಿ. ಕೋಟೆಯ ಕಡೆ ಕಾಡಿನಂಚಿನ ದಾರಿ. ನಾಗರಹೊಳೆಯೊಳಗೆ ಹಾಯುವ ಬಾವಲಿ ರಸ್ತೆ ಸಂಜೆ ಆರಕ್ಕೆ ಮುಚ್ಚುತ್ತದೆ. ಅಲ್ಲಿ ಆನೆ ಮುಂದಿನಿಂದಲೇ ಬರುತ್ತದೆಂಬ ಭರವಸೆಯೂ ಇಲ್ಲ.

ಹೀಗಿದ್ದೂ ಕನ್ನಡಿಯೇ ನಮಗೆ ಮೊದಲು ಬೇಡವಾಗುವ ವಸ್ತು. ವಾಹನಕ್ಕೆ ಕನ್ನಡಿ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹೊಸ ಬೈಕು ತಂದ ಹುಡುಗ ಅದನ್ನೇ ಮೊದಲು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾನೆ. ಲುಕ್ ಕೆಡುತ್ತದಂತೆ. ಹೊರೆ ಹೊರುವವರು ಬಿಚ್ಚುವ ಕಾರಣ ಬೇರೆ: ಕಂಪನಿಯ ಕನ್ನಡಿ ಹೊರೆಯನ್ನು ದಾಟಿ ನೋಡುವಷ್ಟು ಉದ್ದವಿರುವುದಿಲ್ಲ. ಅದರಲ್ಲಿ ಕಾಣುವುದು ಹುಲ್ಲು ಮಾತ್ರ.

ನನ್ನ ಮೊದಲ ಕನ್ನಡಿ ಚೆಂದಕ್ಕೆ ಮಾಡಿಸಿದ್ದು. ಹಳೆಯ ಬೈಕಿಗೆ ಹಳೆಯ ಕಾಲದ ದುಂಡು ಕನ್ನಡಿ ಒಪ್ಪುತ್ತದೆಂದು ಚಿತ್ರ ಬರೆದುಕೊಂಡೆ. ಮೂರಿಂಚು ಅಗಲ, ಹಿತ್ತಾಳೆಯ ಬೆನ್ನು, 8 ಮಿ.ಮೀ. ಸರಳಿನ ಉದ್ದನೆಯ ಕಾಂಡ. ಗಾಜು ಫೋಟೋ ಕಟ್ಟು ಹಾಕುವ ಅಂಗಡಿಯಲ್ಲಿ ಕೊಯ್ಯಿಸಿದ ಸಾಧಾರಣ ಚಪ್ಪಟೆ ಕನ್ನಡಿ. ನಿಲ್ಲಿಸಿದಾಗ ನೋಡಿದವರೆಲ್ಲ ಹೊಗಳಿದರು. ಓಡಿಸಿದಾಗ ಹ್ಯಾರೂನನ ಇಟ್ಟಿಗೆ ಹಾದಿ. ಎಲ್ಲವೂ ಕಲಸಿಕೊಂಡು ನಡುಗುತ್ತಿತ್ತು.

ಒಂದು ಸಂಜೆ ಹೆದ್ದಾರಿಯಲ್ಲಿ ನಮ್ಮೂರ ಅಡ್ಡರಸ್ತೆಗೆ ಬಲಕ್ಕೆ ತಿರುಗಬೇಕಿತ್ತು. ಹಿಂದೆ ಮಗಳು ಕೂತಿದ್ದಳು. ಕೈ ತೋರಿಸಿ ಕನ್ನಡಿ ನೋಡಿದೆ. ಒಂದು ಲಾರಿ ದೂರದಲ್ಲಿತ್ತು. ಸಮಯವಿದೆ ಎಂದು ತಿರುಗಿದೆ. ಲಾರಿಯನ್ನು ಹಿಂದೆ ಹಾಕಿ ಬರುತ್ತಿದ್ದ ಜೀಪು ನನ್ನ ಕನ್ನಡಿಯಲ್ಲಿ ಇರಲೇ ಇಲ್ಲ. ಮಗಳು ಕಿರುಚಿದ್ದಕ್ಕೆ ಬ್ರೇಕು ಒತ್ತಿದೆ. ಜೀಪು ಬಲಗೈ ಸವರಿಕೊಂಡು ಹೋಯಿತು. ಕನ್ನಡಿ ಸಿಡಿದು ಗಾಜಿನ ಚೂರುಗಳು ಮುಂಗೈಗೆ ಹೊಕ್ಕವು. ಮಗಳಿಗೆ ಏನೂ ಆಗಲಿಲ್ಲ. ಅವಳು ಮನೆಗೆ ಹೋಗುವವರೆಗೂ ಮಾತಾಡಲಿಲ್ಲ.

ಲೇತ್ ಮೇಸ್ತ್ರಿಗಳ ಬಳಿ ಮುರಿದ ಕಾಂಡ ತೆಗೆದುಕೊಂಡು ಹೋದಾಗ ಅವರು ಬೈಯಲಿಲ್ಲ. ಅಪ್ಪನ ಕಾಲದಿಂದ ಆ ಬೈಕು ಬಲ್ಲವರು. "ಕನ್ನಡಿ ನಿನ್ನ ಮುಖ ನೋಡೋಕಲ್ಲ ಕಣಪ್ಪ. ಜೀಪು ಎಲ್ಲಿತ್ತು ಅಂತ ಮೊದಲು ನೆಲದ ಮೇಲೆ ಗೆರೆ ಎಳಿ" ಅಂದರು. ಸೀಮೆಸುಣ್ಣ ಕೊಟ್ಟರು.

ಗೆರೆ ಎಳೆದಾಗ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ 10 ಸೆಂ.ಮೀ. ಅಗಲದ ಚಪ್ಪಟೆ ಕನ್ನಡಿ ಇದ್ದರೆ, 20 ಮೀಟರ್ ಹಿಂದೆ ಅದು ತೋರಿಸುವುದು ಹೆಚ್ಚುಕಮ್ಮಿ ಮೂರೂವರೆ ಮೀಟರ್ ಅಗಲದ ದಾರಿಯನ್ನು. ಒಂದು ಲಾರಿ ಸಾಲು ಮಾತ್ರ. ಅದೇ ಅಳತೆಯ ಉಬ್ಬುಗನ್ನಡಿ, ಅದರ ಬಾಗಿನ ತ್ರಿಜ್ಯ 120 ಸೆಂ.ಮೀ. ಇದ್ದರೆ, ಸುಮಾರು ಏಳು ಮೀಟರ್ ತೋರಿಸುತ್ತದೆ. ಜೀಪಿನ ಸಾಲೂ ಅದರೊಳಗೆ ಬರುತ್ತದೆ. ಆದರೆ ಪುಕ್ಕಟೆಯಾಗಿ ಅಲ್ಲ. ಎಲ್ಲವೂ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. 20 ಮೀಟರಿನಲ್ಲಿರುವ ಲಾರಿ 40 ಮೀಟರಿನಲ್ಲಿದ್ದಂತೆ ಮೋಸ ಮಾಡುತ್ತದೆ. ಚಪ್ಪಟೆ ಕನ್ನಡಿ ದೂರದ ವಿಷಯದಲ್ಲಿ ಸತ್ಯ ಹೇಳಿ ಪಕ್ಕದವನನ್ನು ಬಚ್ಚಿಡುತ್ತದೆ. ಉಬ್ಬುಗನ್ನಡಿ ಎಲ್ಲರನ್ನೂ ತೋರಿಸಿ ದೂರದ ವಿಷಯದಲ್ಲಿ ಸುಳ್ಳಾಡುತ್ತದೆ. ಸುಳ್ಳು ಎಷ್ಟೆಂದು ಗೊತ್ತಿದ್ದರೆ ಸುಧಾರಿಸಿಕೊಳ್ಳಬಹುದು, ಕಾಣದ ಜೀಪಿಗೆ ಏನು ಮಾಡಲಾದೀತು?

ದ್ವಿಚಕ್ರ ವಾಹನಗಳ ಕನ್ನಡಿಗೆ ಯುರೋಪಿನ ನಿಯಮ 69 ಚದರ ಸೆಂ.ಮೀ. ಕನಿಷ್ಠ ವಿಸ್ತೀರ್ಣ ಗೊತ್ತುಮಾಡಿದೆ. ದುಂಡಾಗಿದ್ದರೆ 94 ಮಿ.ಮೀ. ವ್ಯಾಸ. ಬಾಗಿನ ತ್ರಿಜ್ಯ ಒಂದರಿಂದ ಒಂದೂವರೆ ಮೀಟರಿನೊಳಗೆ ಇರಬೇಕು. ನನ್ನ ಮೂರಿಂಚಿನ ಚೆಲುವೆ ಅದರ ಮೂರನೇ ಎರಡು ಭಾಗವಷ್ಟೇ ಇದ್ದಳು.

ಎರಡನೆಯದನ್ನು ನೆಲದ ಮೇಲಿನ ಗೆರೆಯಿಂದ ಶುರುಮಾಡಿದೆವು. ಗುಜರಿಯಿಂದ ಹಳೆಯ ಉಬ್ಬುಗನ್ನಡಿಗಳನ್ನು ತಂದು ಅಳೆದೆವು. ಅಳೆಯುವ ಉಪಾಯ ಮೇಸ್ತ್ರಿಗಳದು. ಉಕ್ಕಿನ ಸ್ಕೇಲನ್ನು ಗಾಜಿನ ಉಬ್ಬಿನ ಮೇಲಿಟ್ಟು, ನಡುವಿನಿಂದ ಎರಡೂ ಕಡೆ ಏಳೂವರೆ ಸೆಂ.ಮೀ. ದೂರದಲ್ಲಿ ಸಂದು ಎಷ್ಟಿದೆ ಎಂದು ಫೀಲರ್ ಗೇಜಿನ ಎಲೆಗಳನ್ನು ಪೇರಿಸಿ ನೋಡುವುದು. 2.3 ಮಿ.ಮೀ. ಆಸುಪಾಸು ಬಂದರೆ ತ್ರಿಜ್ಯ 120 ಸೆಂ.ಮೀ. ಎಂದರ್ಥ. ನಾಲ್ಕನೆಯ ಗಾಜು ಒಪ್ಪಿತು. ಅದನ್ನು 105 ಮಿ.ಮೀ. ದುಂಡಗೆ ಕೊಯ್ದು, ಅಂಚನ್ನು ನೀರು ಹಾಕಿ ಉಪ್ಪುಕಾಗದದಲ್ಲಿ ತಿಕ್ಕಿ, ಬೆನ್ನಿಗೆ ಅಂಟುಪಟ್ಟಿ ಹಾಕಿದೆವು. ಒಡೆದರೂ ಚೂರು ಹಾರಬಾರದು. ಸುತ್ತ ರಬ್ಬರ್ ಬೀಡಿಂಗ್.

ನಡುಕದ ಪ್ರಶ್ನೆ ಕಷ್ಟದ್ದು. ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಹ್ಯಾಂಡಲನ್ನು ಅಲುಗಿಸುತ್ತದೆ. ಕಾಂಡ ಉದ್ದವಾದಷ್ಟೂ ಬಳುಕುತ್ತದೆ, ಗಿಡ್ಡವಾದರೆ ನನ್ನ ಭುಜವೇ ಅಡ್ಡ. 26 ಸೆಂ.ಮೀ. ಇದ್ದದ್ದನ್ನು 18ಕ್ಕೆ ಇಳಿಸಿ, ಸರಳನ್ನು 8ರಿಂದ 10 ಮಿ.ಮೀ.ಗೆ ಏರಿಸಿದೆವು. ಬಿಗುವು ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಇಷ್ಟರಿಂದಲೇ ಕಾಂಡ ಸುಮಾರು ಏಳು ಪಟ್ಟು ಗಟ್ಟಿಯಾಯಿತು. ಕಡಿಮೆಯಾದ ಉದ್ದವನ್ನು ಕ್ಲಾಂಪನ್ನು ಹ್ಯಾಂಡಲಿನ ತುದಿಯತ್ತ ಸರಿಸಿ ತುಂಬಿಕೊಂಡೆವು. ಕ್ಲಾಂಪಿನೊಳಗೆ ಸೈಕಲ್ ಟ್ಯೂಬಿನ ಪಟ್ಟಿ. ಹಿತ್ತಾಳೆಯ ಬೆನ್ನು ಮಾತ್ರ ಮೊದಲಿನಂತೆ ಉಳಿಯಿತು, ಅದರ ಭಾರ ನಡುಕಕ್ಕೆ ಕಡಿವಾಣವೂ ಆಯಿತು. ಪೂರ್ತಿ ನಿಂತಿದೆ ಎನ್ನಲಾರೆ. ಲಾರಿ ಲಾರಿಯಾಗಿ, ಜೀಪು ಜೀಪಾಗಿ ಕಾಣುವಷ್ಟು ನಿಂತಿದೆ.

ಮೇಸ್ತ್ರಿಗಳ ಅಂಗಡಿಯಲ್ಲಿ ಈಗ ಅಂಥ ಇನ್ನಷ್ಟು ಕನ್ನಡಿಗಳು ನೇತಾಡುತ್ತಿವೆ. ಹಾಲಿನ ಕ್ಯಾನು ಹೊರುವವರಿಗೆ, ಹುಲ್ಲು ಹೊರುವವರಿಗೆ ಬೇರೆ ಬೇರೆ ಅಳತೆ. ಹೊರೆ ಹೇರಿಸಿಯೇ ಬೈಕು ತರಲು ಹೇಳುತ್ತಾರೆ. ಹಿಂದೆ ಸೀಮೆಸುಣ್ಣದ ಗೆರೆ ಎಳೆದು, ಅದು ಕಾಣುವ ತನಕ ಸರಳನ್ನು ಬಗ್ಗಿಸುತ್ತಾರೆ. ಯಾವುದಕ್ಕೂ ನಕ್ಷೆ ಇಟ್ಟಿಲ್ಲ. ಅವರ ಹುಡುಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಕಮಿಸರಿಯಟ್ ಮುಚ್ಚಿದಾಗ ಗಾಡಿಯ ಕಸುಬು ಉಳಿಯಿತು, ಜಾವಾ ಮುಚ್ಚಿದಾಗ ಬೈಕಿನ ಕಸುಬು ಉಳಿಯಿತು. ಎರಡೂ ಸಲ ಕಲಿತವರ ಪಕ್ಕ ಕಲಿಯುವವರೊಬ್ಬರು ನಿಂತಿದ್ದರು. ಈ ಬಾರಿ ಆ ಜಾಗ ಖಾಲಿಯಿದೆ. ಅದಕ್ಕೇ ಅಳತೆಗಳನ್ನೆಲ್ಲ ಇಲ್ಲಿ ಬರೆದಿಟ್ಟೆ.

ಹೋದ ಆಯುಧಪೂಜೆಗೆ ಬೈಕು ತೊಳೆದು ಸೇವಂತಿಗೆ ಹಾರ ಹಾಕಿದೆ. ಕನ್ನಡಿಗೂ ಕುಂಕುಮ ಇಡಲು ಹೋದಾಗ ಮಗಳು ತಡೆದಳು. "ಅಲ್ಲಿ ಬೇಡಪ್ಪ, ಹಿಂದಿನದು ಕಾಣಲ್ಲ" ಎಂದಳು. ಕಾಂಡಕ್ಕೆ ಇಟ್ಟೆವು.