ಕಿವಿಗೊಡುವ ಸೀಮೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಒಂದು ಮನೆಯ ಜಗಲಿಯಲ್ಲಿ ಕೂತರೆ ಇನ್ನೊಂದು ಮನೆ ಕಾಣುವುದು ಅಪರೂಪ. ನಡುವೆ ಗುಡ್ಡ, ಕಾಡು, ಅಡಿಕೆ ತೋಟ. ಆಷಾಢದಲ್ಲಿ ಇವೆಲ್ಲದರ ಮೇಲೆ ಮಂಜು. ಕಣ್ಣು ಹಾಯದ ಈ ಸೀಮೆಯಲ್ಲಿ ಕಿವಿಗೆ ಕೆಲಸ ಹೆಚ್ಚು. ನೆರೆಮನೆ ಎಷ್ಟು ದೂರ ಎಂದರೆ ಕೂಗಳತೆ ದೂರ. ಸಂಕ ಎಂಬ ಕಾಲುಸೇತುವೆ ದಾಟಬಹುದೋ ಬೇಡವೋ ಎಂಬುದನ್ನು ಹಳ್ಳದ ಮೊರೆತ ಕೇಳಿಯೇ ತೀರ್ಮಾನಿಸುತ್ತಾರೆ. ರಾತ್ರಿ ಚಂಡೆಯ ಪೆಟ್ಟು ಗಾಳಿಯಲ್ಲಿ ತೇಲಿ ಬಂದರೆ ಯಕ್ಷಗಾನದ ಆಟ ಯಾವ ದಿಕ್ಕಿನ ಊರಲ್ಲಿ ಎಂದು ತಿಳಿಯುತ್ತದೆ. ಆ ದಿಕ್ಕು ಹಿಡಿಯುವ ಬಗೆಯಾದರೂ ಎಂಥದು! ಸದ್ದು ಒಂದು ಕಿವಿಗೆ ಮುಟ್ಟಿ ಇನ್ನೊಂದಕ್ಕೆ ಮುಟ್ಟುವ ನಡುವಿನ ಹೊತ್ತು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಮಿದುಳಿಗೆ ಅಷ್ಟು ಸಾಕು.

ಕಿವಿ ಬಲು ಹಳೆಯ ಮಾತು. ತಮಿಳು, ಮಲಯಾಳ, ತೆಲುಗುಗಳಲ್ಲಿ ಅದು ‘ಚೆವಿ’ ಆಯಿತು. ಕನ್ನಡ ಮೊದಲಿನ ‘ಕ’ವನ್ನು ಬಿಟ್ಟುಕೊಡಲಿಲ್ಲ, ಘಟ್ಟ ಇಳಿದರೆ ಸಿಗುವ ತುಳುವಿನ ‘ಕೆಬಿ’ಯಲ್ಲೂ ಅದು ಉಳಿದಿದೆ.

ನನಗೆ ಬೆರಗು ಹುಟ್ಟಿಸುವುದು ಈ ಮಾತಿನ ಜೊತೆ ಬರುವ ಕ್ರಿಯಾಪದಗಳು. ಕನ್ನಡದಲ್ಲಿ ಬೇರೆ ಅಂಗಗಳು ಎಷ್ಟೋ ಸಲ ಎದುರಿನವರ ಮೇಲೆ ಏರಿಹೋಗುತ್ತವೆ. ಕಣ್ಣು ಹಾಕುತ್ತಾರೆ, ಬಾಯಿ ಮಾಡುತ್ತಾರೆ, ಕೈ ಎತ್ತುತ್ತಾರೆ, ಕಾಲು ಕೆರೆದು ಜಗಳಕ್ಕೆ ಬರುತ್ತಾರೆ. ಕಿವಿಯನ್ನು ಮಾತ್ರ ಕೊಡುತ್ತಾರೆ. ಉಳಿದಂತೆ ಅದಕ್ಕೆ ಏನಾಗುವುದಿದ್ದರೂ ಬೇರೆಯವರಿಂದ: ಹಿಂಡುವವರು, ಊದುವವರು, ಚುಚ್ಚುವವರು, ಹೂ ಇಡುವವರು. ಕೇಳಬಾರದ್ದು ತಾನೇ ತಾನಾಗಿ ಕಿವಿಗೆ ಬೀಳುತ್ತದೆ. ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ. ಕಿವಿಗೆ ಮುಚ್ಚಳವಿಲ್ಲ, ನಿದ್ದೆಯಲ್ಲೂ ಅದು ತೆರೆದೇ ಇರುತ್ತದೆ. ಹಾಗೆ ತೆರೆದಿರುವುದನ್ನು ನಂಬಿಯೇ ಮಗುವಿನ ಹೆಸರನ್ನು ಮೊದಲು ಕಿವಿಯಲ್ಲಿ ಹೇಳುತ್ತಾರೆ, ಉಪನಯನದಲ್ಲಿ ಬಟ್ಟೆ ಮುಚ್ಚಿ ಮಂತ್ರವನ್ನು ಕಿವಿಗೆ ಉಪದೇಶಿಸುತ್ತಾರೆ. ಶೃಂಗೇರಿಯ ಪಾಠಶಾಲೆಯಲ್ಲಿ ಗುರು ಹೇಳಿದ್ದನ್ನು ತಿರುಗಿ ಹೇಳಿ ಕಲಿಯುವ ವೇದಕ್ಕೆ ಶ್ರುತಿ ಎಂದೇ ಹೆಸರು.

ಕಿವಿಯ ಒಳಗಿನ ಭಾಗಗಳಿಗೆ ನಮ್ಮ ಪಾಠಪುಸ್ತಕಗಳು ಕೊಟ್ಟ ಹೆಸರುಗಳೂ ಚೆಂದ. ಹಾಲೆ ದಾಟಿ ಒಳಗೆ ಹೋದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲದ ತಮಟೆ. ಅದರಾಚೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪು ಎಂದರೆ ಕುದುರೆ ಸವಾರ ಕಾಲಿಡುವ ಬಳೆ. ಮೈಯ ಮೂಳೆಗಳಲ್ಲೆಲ್ಲ ಚಿಕ್ಕದು ಅದೇ, ಸುಮಾರು ಮೂರು ಮಿಲಿಮೀಟರ್. ಈ ಮೂರು ಯಾಕೆ ಬೇಕು ಎಂಬುದು ತುಂಗೆಯಲ್ಲಿ ಮುಳುಗು ಹಾಕಿದವರಿಗೆ ಗೊತ್ತು: ತಲೆ ನೀರೊಳಗೆ ಹೋದ ಕೂಡಲೇ ದಡದ ಮಾತು ನಿಂತುಹೋಗುತ್ತದೆ. ಗಾಳಿಯ ಸದ್ದು ನೀರಿಗೆ ಬಡಿದರೆ ಬಹುಪಾಲು ಹಿಂದಕ್ಕೇ ಹೋಗುತ್ತದೆ. ಒಳಕಿವಿಯ ಶಂಖದಲ್ಲಿ ತುಂಬಿರುವುದೂ ನೀರಿನಂಥ ದ್ರವವೇ. ಅಗಲವಾದ ತಮಟೆಯ ಮೇಲೆ ಬಿದ್ದ ಸದ್ದನ್ನು ಈ ಮೂಳೆಗಳು ಪುಟ್ಟ ಕಿಂಡಿಯೊಂದಕ್ಕೆ ಒತ್ತಿ, ಒತ್ತಡವನ್ನು ಇಪ್ಪತ್ತು ಪಟ್ಟಿನಷ್ಟು ಹೆಚ್ಚಿಸಿ ಆ ದ್ರವದೊಳಕ್ಕೆ ದಾಟಿಸುತ್ತವೆ.

ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದು ತಮಟೆಯ ಹಿಂದಿನ ಗಾಳಿಯ ಕತೆ. ಇಳಿದಂತೆ ಹೊರಗಿನ ಒತ್ತಡ ಹೆಚ್ಚಿ ತಮಟೆ ಒಳಕ್ಕೆ ಜಗ್ಗುತ್ತದೆ. ಎಂಜಲು ನುಂಗಿದರೆ ಗಂಟಲಿನಿಂದ ಮಧ್ಯಕಿವಿಗೆ ಹೋಗುವ ನಾಳ ಬಿಚ್ಚಿಕೊಂಡು ಸರಿಹೋಗುತ್ತದೆ. ಬಸ್ಸಿನಲ್ಲಿ ಮಕ್ಕಳ ಬಾಯಿಗೆ ಪೆಪ್ಪರಮೆಂಟು ಹಾಕುವ ತಾಯಂದಿರು ಮಾಡುವುದು ಸರಿಯಾದ ಚಿಕಿತ್ಸೆಯೇ.

ಓಲೆಯ ಮಾತೂ ಇದೆ. ಓಲೆ ಎಂದರೆ ಮೊದಲು ತಾಳೆಗರಿ. ಅದರ ಮೇಲೆ ಬರೆದು ಕಳಿಸಿದ್ದೂ ಓಲೆ, ಸುರುಳಿ ಸುತ್ತಿ ಕಿವಿಗೆ ಇಟ್ಟುಕೊಂಡದ್ದೂ ಓಲೆ. ಗರಿ ಹೋಗಿ ಚಿನ್ನ ಬಂದರೂ ಹೆಸರು ಬದಲಾಗಲಿಲ್ಲ. ಈಗ ಕೊಟ್ಟಿಗೆಯ ದನಕ್ಕೂ ಓಲೆ ಬಂದಿದೆ: 12 ಅಂಕಿ ಬರೆದ ಹಳದಿ ಬಿಲ್ಲೆ. ಅದಕ್ಕೂ ಕಿವಿಯೋಲೆ ಎನ್ನುತ್ತಾರೆ. ಬರೆದ ಓಲೆ, ಕಿವಿಯ ಓಲೆ ಎರಡೂ ಒಂದೇ ಬಿಲ್ಲೆಯಲ್ಲಿ ಮತ್ತೆ ಸೇರಿವೆ.

ಇಷ್ಟು ಪ್ರೀತಿಯಿಂದ ಆಡುವ ಮಾತಿಗೆ ಒಂದು ಕ್ರೂರ ಮಗ್ಗುಲೂ ಇದೆ. ಕಿವುಡ, ಕೆಪ್ಪ ಎಂಬುವನ್ನು ಬೈಗುಳ ಮಾಡಿಕೊಂಡಿದ್ದೇವೆ. ಕಣ್ಣು ಮಂಜಾದವರು ಸಂಕೋಚವಿಲ್ಲದೆ ಕನ್ನಡಕ ಹಾಕುತ್ತಾರೆ. ಕಿವಿ ಮಂದವಾದವರು ಮನೆಯವರ ನಗುವಿಗೆ ಹೆದರಿ ಎಲ್ಲದಕ್ಕೂ ತಲೆಯಾಡಿಸುತ್ತಾರೆ. “ಅಜ್ಜಯ್ಯನಿಗೆ ಕಿವಿ ಮಂದ, ಜೋರಾಗಿ ಹೇಳು” ಎನ್ನುತ್ತೇವೆ. ಕೂಗಿದರೆ ಉಪಯೋಗ ಕಡಿಮೆ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ್ವರ ಕೇಳುತ್ತದೆ, ವ್ಯಂಜನ ಮಸುಕಾಗುತ್ತದೆ. ಹಾಲು, ಕಾಲು, ಪಾಲು, ಸಾಲು ಎಲ್ಲವೂ ಬರೀ ‘ಆಲು’ ಆಗುತ್ತವೆ. ಎದುರಿಗೆ ಕೂತು, ಮುಖ ತೋರಿಸಿ, ನಿಧಾನವಾಗಿ ಹೇಳಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾರೆ. ಕಿವಿಯನ್ನು ಪರೀಕ್ಷೆ ಮಾಡಿಸಿ ಯಂತ್ರ ಹಾಕಿಸಿಕೊಳ್ಳುವುದಕ್ಕೂ ದಾರಿಯಿದೆ. ಇದೇ ಕೆಲಸಕ್ಕಾಗಿ ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ.

ಮುಪ್ಪಿಗೆ ಮೊದಲೇ ಕಿವಿ ಕಳೆದುಕೊಳ್ಳುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ತೋಟದಲ್ಲಿ ಕಳೆ ಹೊಡೆಯುವ ಯಂತ್ರ ದಿನವಿಡೀ ಹೆಗಲ ಮೇಲೆ ಕಿರುಚುತ್ತದೆ. ಕೆಲಸದ ಜಾಗದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು ಎಂಬುದು ಲೆಕ್ಕ. ಈ ಯಂತ್ರಗಳು ಸಾಮಾನ್ಯವಾಗಿ ಅದನ್ನು ಮೀರುತ್ತವೆ. ಶಂಖದೊಳಗೆ ಸದ್ದು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು, ಸತ್ತರೆ ಮತ್ತೆ ಹುಟ್ಟುವುದಿಲ್ಲ. ದೊಡ್ಡ ಸದ್ದಿಗೆ ರಿಕಾಪನ್ನು ಬಿಗಿ ಹಿಡಿಯುವ ಪುಟ್ಟ ಸ್ನಾಯುವೊಂದು ಇದೆ ನಿಜ. ಆದರೆ ಕೋವಿಯ ಈಡಿಗೆ ಅದು ಎಚ್ಚರಗೊಳ್ಳುವಷ್ಟರಲ್ಲಿ ಸದ್ದು ಒಳಗೆ ಹೋಗಿ ಆಗಿರುತ್ತದೆ, ದಿನವಿಡೀ ಕಿರುಚುವ ಯಂತ್ರದೆದುರು ಅದು ಸೋಲುತ್ತದೆ. ಮಳೆಗೆ ಮುಂಚೆ ಕಾಡು ತುಂಬ ಕೂಗುವ ಗಂಡು ಜೀರುಂಡೆ ತಾನು ಕೂಗುವಷ್ಟು ಹೊತ್ತು ತನ್ನ ಕಿವಿಯ ಪೊರೆಯನ್ನು ಮಡಚಿಕೊಳ್ಳುತ್ತದೆ. ಯಂತ್ರ ಹೊರುವವನಿಗೆ ಆ ಅನುಕೂಲವಿಲ್ಲ. ಪೆಟ್ರೋಲು, ಬ್ಲೇಡು ಕೊಡಿಸುವ ತೋಟದ ಯಜಮಾನರು ಕಿವಿಗೆ ಮುಚ್ಚುವ ಸಾಧನವನ್ನೂ ಕೊಡಿಸಬೇಕು, ಆಳು ಅದನ್ನು ಕೇಳಿ ಪಡೆಯಬೇಕು.