ಅಶೋಕನ ಅಡಿಗೆಮನೆ ಮತ್ತು ನವಿಲು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ ಸಿಕ್ಕುತ್ತದೆ. ಊರಿಗೆ ಒತ್ತಿಕೊಂಡು ನಿಂತ ಹೆಬ್ಬಂಡೆಯ ಗುಡ್ಡಗಳು, ಬಂಡೆಗಳ ಸಂದಿನಲ್ಲಿ ಬೆಳೆದ ಕುರುಚಲು ಗಿಡ, ಅದರಾಚೆಗೆ ಕಣ್ಣು ಹರಿಯುವವರೆಗೆ ಎರೆಭೂಮಿ. ರಾಯಚೂರು ಸೀಮೆಯವರಿಗೆ ಈ ನೋಟ ಹೊಸದಲ್ಲ. ನವಿಲಿಗೆ ಒಗ್ಗುವ ನೆಲವೂ ಇಂಥದೇ. ಹೆಸರಿಗೆ ಹಕ್ಕಿಯಾದರೂ ಅದು ಹಗಲೆಲ್ಲ ನೆಲದ ಮೇಲೆಯೇ ಬಾಳುವ ಜೀವ. ಕಾಳು, ಚಿಗುರು, ಹುಳುಹುಪ್ಪಟೆ, ಸಣ್ಣ ಹಾವು, ಯಾವುದು ಸಿಕ್ಕಿದರೂ ಆರಿಸಿ ತಿನ್ನುತ್ತದೆ. ಪೊದೆಯ ಮರೆಯಲ್ಲಿ ನೆಲ ಕೆದರಿ ನಾಲ್ಕಾರು ಮೊಟ್ಟೆಯಿಡುತ್ತದೆ. ರಾತ್ರಿಗೆ ಮಾತ್ರ ಎತ್ತರದ ಮರವನ್ನೇರುತ್ತದೆ. ನಾವು ನವಿಲಿನ ಬಾಲವೆಂದು ಕರೆಯುವುದು ನಿಜವಾಗಿ ಬಾಲವಲ್ಲ, ಬಾಲದ ಮೇಲೆ ಹೊದಿಕೆಯಾಗಿ ಬೆಳೆಯುವ ಉದ್ದ ಗರಿಗಳು. ಗಂಡು ನವಿಲು ಮಳೆಗಾಲದಲ್ಲಿ ಅವನ್ನು ಬಿಚ್ಚಿ ಕುಣಿದು, ಮಳೆ ಹಿಂದೆಗೆಯುವ ಹೊತ್ತಿಗೆ ಉದುರಿಸಿಬಿಡುತ್ತದೆ. ಆ ನೀಲಿ ಹಸಿರೂ ಗರಿಗೆ ಬಳಿದ ಬಣ್ಣವಲ್ಲ. ಗರಿಯೊಳಗಿನ ಅತಿ ಸೂಕ್ಷ್ಮವಾದ ಕಣಗಳ ಜೋಡಣೆ ಬೆಳಕಿನೊಡನೆ ಆಡುವ ಆಟ.

ಈ ಹಕ್ಕಿಗೂ ಮಸ್ಕಿಯ ಬಂಡೆಗೂ ಒಂದು ಹಳೆಯ ನಂಟುಂಟು. ಅದನ್ನು ತಿಳಿಯಬೇಕಾದರೆ ಎರಡು ಶಾಸನಗಳನ್ನು ಜೊತೆಯಾಗಿಟ್ಟು ಓದಬೇಕಾಗುತ್ತದೆ.

ಮೊದಲನೆಯದು ಮಸ್ಕಿಯದೇ. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಇಂಜಿನಿಯರು ನಿಜಾಮರ ಸೀಮೆಗೆ ಸೇರಿದ್ದ ಈ ಪ್ರದೇಶದಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದವರು, ಬಂಡೆಯೊಂದರ ಮೇಲೆ ಕೊರೆದ ಅಕ್ಷರಗಳನ್ನು ಕಂಡರು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲೆಲ್ಲ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದನೇ ಹೊರತು ಹೆಸರು ಹೇಳಿರಲಿಲ್ಲ. ಆತನೇ ಅಶೋಕನೆಂದು ವಿದ್ವಾಂಸರು 1837ರಿಂದಲೂ ಹೇಳುತ್ತಿದ್ದರು; ಆದರೆ ಅದಕ್ಕೆ ಆಧಾರವಾಗಿದ್ದುದು ಸಿಂಹಳದ ಗ್ರಂಥಗಳು. ಮಸ್ಕಿಯ ಕಲ್ಲು ಅಶೋಕನೆಂಬ ಹೆಸರನ್ನೇ ನುಡಿದು ಸಂದೇಹವನ್ನು ಕಳೆಯಿತು. ಅದೇ ಹೆಸರು ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ದೊರೆಯಿತು.

ಎರಡನೆಯ ಶಾಸನ ತುಂಗಭದ್ರೆಯ ಆಚೆಗೆ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಮಸ್ಕಿಯಿಂದ ಸುಮಾರು 130 ಕಿಲೋಮೀಟರು. ಅಶೋಕನ ಹದಿನಾಲ್ಕು ದೊಡ್ಡ ಬಂಡೆಶಾಸನಗಳೂ ಅಲ್ಲಿನ ಗುಂಡುಗಲ್ಲುಗಳ ಮೇಲಿವೆ. ಅವುಗಳಲ್ಲಿ ಮೊದಲನೆಯದರಲ್ಲಿ ಅರಸನು ತನ್ನ ಅಡಿಗೆಮನೆಯ ಲೆಕ್ಕವನ್ನು ಬಿಚ್ಚಿಟ್ಟಿದ್ದಾನೆ. ಹಿಂದೆ ಅರಮನೆಯ ಪಾಕಶಾಲೆಯಲ್ಲಿ ಸಾರಿಗೆಂದು ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಶಾಸನ ಬರೆಸಿದ ಹೊತ್ತಿಗೆ ಅದು ದಿನಕ್ಕೆ ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಜಿಂಕೆ; ಜಿಂಕೆಯೂ ನಿತ್ಯದ ಮಾತಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದು ಅರಸನು ಮಾತು ಕೊಡುತ್ತಾನೆ. ಇದು ಕ್ರಿಸ್ತಪೂರ್ವ 3ನೆಯ ಶತಮಾನದ ಮಾತು.

ಸಾಮಾನ್ಯವಾಗಿ ಅರಸರ ಶಾಸನಗಳು ಗೆದ್ದುದನ್ನೂ ಕೊಟ್ಟುದನ್ನೂ ಹೇಳುತ್ತವೆ. ಇಲ್ಲಿಯಾದರೋ ಚಕ್ರವರ್ತಿಯೊಬ್ಬನು, ಇನ್ನೂ ಬಿಡಲಾಗದೆ ಉಳಿದುದು ಇಷ್ಟು ಎಂದು ಪ್ರಜೆಗಳೆದುರು ಒಪ್ಪಿಕೊಳ್ಳುತ್ತಾನೆ. ಆ ಉಳಿದುದರಲ್ಲಿ ನವಿಲೇ ಮೊದಲು. ಜಿಂಕೆಯನ್ನು ಒಂದೊಂದು ದಿನ ಬಿಡಬಹುದಾಗಿತ್ತು, ನವಿಲನ್ನು ಬಿಡುವುದು ಕಷ್ಟವಾಗಿತ್ತೆಂದು ಊಹಿಸಬಹುದು.

ಅಂದವಾದ ಈ ಹಕ್ಕಿಯನ್ನು ತಿನ್ನುವುದೆಂದರೆ ನಮಗೆ ಇಂದು ಸೋಜಿಗವೆನಿಸುತ್ತದೆ. ಆದರೆ ಪ್ರಾಚೀನರಿಗೆ ಅದು ಸೋಜಿಗವಾಗಿರಲಿಲ್ಲ. ಚರಕ, ಸುಶ್ರುತ ಸಂಹಿತೆಗಳು ನವಿಲಿನ ಮಾಂಸದ ಗುಣಗಳನ್ನು ಹೇಳಿವೆ. ನಮ್ಮ ವರ್ತಕರು ನವಿಲನ್ನು ಕಡಲಾಚೆಗೆ ಒಯ್ದರೆಂಬ ಕಥೆ ಬಾವೇರು ಜಾತಕದಲ್ಲಿದೆ. ಬಾವೇರು ಎಂದರೆ ಬ್ಯಾಬಿಲೋನ್ ಎಂದು ವಿದ್ವಾಂಸರ ಮತ. ಪಶ್ಚಿಮಕ್ಕೆ ಸಾಗಿದ ನವಿಲು ಕೊನೆಗೆ ರೋಮಿನ ಸಿರಿವಂತರ ತಟ್ಟೆಯನ್ನೂ ಸೇರಿತು. ಔತಣದಲ್ಲಿ ಮೊದಲು ನವಿಲನ್ನು ಬಡಿಸಿದವನು ಹಾರ್ಟೆನ್ಸಿಯಸ್ ಎಂಬ ವಾಗ್ಮಿಯೆಂದು ರೋಮಿನ ಲೇಖಕರು ಬರೆದಿದ್ದಾರೆ. ಚೆಲುವು ಪ್ರಾಣವನ್ನು ಕಾಯುತ್ತದೆಂಬ ನಿಯಮವೇನೂ ಇಲ್ಲವಷ್ಟೆ.

ಅಶೋಕನ ವಂಶಕ್ಕೂ ನವಿಲಿಗೂ ನಂಟು ಹೇಳುವವರುಂಟು. ಮೌರ್ಯ ಶಬ್ದದ ಪ್ರಾಕೃತ ರೂಪವಾದ ಮೋರಿಯ ಎಂಬುದನ್ನು ಬೌದ್ಧ ಸಂಪ್ರದಾಯವು ನವಿಲಿನ ಹೆಸರಾದ ಮೋರದೊಡನೆ ಜೋಡಿಸುತ್ತದೆ. ಹಾಗಾದರೆ ವಂಶಕ್ಕೆ ಹೆಸರು ಕೊಟ್ಟ ಹಕ್ಕಿಯೇ ನಿತ್ಯವೂ ಅಡಿಗೆಮನೆಗೆ ಹೋಗುತ್ತಿತ್ತೆಂದಾಯಿತು!

ಕೊಟ್ಟ ಮಾತು ನಡೆಯಿತೆ? ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಅಶೋಕನು ತನ್ನ 5ನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಗಿಳಿ, ಮೈನಾ, ಚಕ್ರವಾಕ, ಹಂಸ, ಪಾರಿವಾಳ, ಬಾವಲಿ, ಆಮೆ, ಕೆಲವು ಮೀನು, ಹೀಗೆ ಪಟ್ಟಿ ಉದ್ದವಾಗಿದೆ. ಅದರಲ್ಲಿ ನವಿಲಿನ ಹೆಸರಿಲ್ಲ. ಅರಮನೆಯಲ್ಲಿ ನವಿಲನ್ನು ಬಿಟ್ಟರೋ ಇಲ್ಲವೋ, ರಾಜ್ಯದ ಕಟ್ಟಳೆಯ ಆ ಪಟ್ಟಿಯಲ್ಲಂತೂ ಅದಕ್ಕೆ ಎಡೆ ಸಿಕ್ಕಲಿಲ್ಲ. ಆದರೂ ಆತನು ನಡೆದ ಕ್ರಮವನ್ನು ನಾವು ಗಮನಿಸಬೇಕು. ಮೊದಲು ತನ್ನ ಮನೆಯ ಒಲೆ, ಆಮೇಲೆ ಪರರಿಗೆ ಕಟ್ಟಳೆ.

ದೇಶದ ಕಾನೂನಿನಲ್ಲಿ ನವಿಲಿಗೆ ಗಟ್ಟಿಯಾದ ಆಸರೆ ದೊರೆತದ್ದು ನಮ್ಮ ಕಾಲದಲ್ಲಿ. 1963ರಲ್ಲಿ ಅದು ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ, ಆನೆಗಳೊಡನೆ ನವಿಲೂ ಇದೆ. ಅದನ್ನು ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಬಹುದು. ನಮ್ಮ ರಾಜ್ಯದಲ್ಲಿ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿ, ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆ ಇವೆರಡೂ ನವಿಲುಧಾಮಗಳಾಗಿವೆ. ಅಶೋಕನು ಬಾಯಲ್ಲಿ ಹೇಳಿ ಪಟ್ಟಿಯಲ್ಲಿ ಬಿಟ್ಟುದನ್ನು 22 ಶತಮಾನಗಳ ತರುವಾಯ ನಾವು ತುಂಬಿಕೊಟ್ಟೆವೆನ್ನಬಹುದು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ ಸಿಂಧನೂರಿನ ಎರೆಹೊಲಗಳೆಷ್ಟೋ ಬತ್ತದ ಗದ್ದೆಗಳಾದವು. ಗುಡ್ಡದ ಸೆರಗಿನಲ್ಲಿ ಇಂದಿಗೂ ಮಳೆಯನ್ನು ನಂಬಿದ ಹೊಲಗಳುಂಟು. ನವಿಲಿಗೆ ಗದ್ದೆಯೂ ಒಂದೇ, ಹೊಲವೂ ಒಂದೇ. ಬಿತ್ತಿದ ಶೇಂಗಾ ಬೀಜವನ್ನು ಕೆದರಿ ತೆಗೆಯುತ್ತದೆ, ಮೊಳಕೆಯನ್ನು ಚಿವುಟುತ್ತದೆ, ಕಾಳು ಕಟ್ಟಿದ ತೆನೆಯನ್ನು ಬಿಡುವುದಿಲ್ಲ. ಹೊಡೆಯಲು ಕಾನೂನು ಒಪ್ಪದು, ಸುಮ್ಮನಿರಲು ಹೊಟ್ಟೆ ಒಪ್ಪದು. ವಿಷ ಬೆರೆತ ಕಾಳು ತಿಂದು ನವಿಲುಗಳು ಸತ್ತ ಸುದ್ದಿ ದೇಶದ ಬೇರೆ ಬೇರೆ ಭಾಗಗಳಿಂದ ಆಗಾಗ ಬರುತ್ತದೆ. ಅದು ಅಪರಾಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಣದಲ್ಲಿ ಕುಳಿತು ನವಿಲಿನ ಗರಿಯನ್ನು ಗೋಡೆಗೆ ಸಿಕ್ಕಿಸಿಕೊಂಡ ನಾವು ಈ ಹಕ್ಕಿಗಾಗಿ ಏನನ್ನು ಬಿಟ್ಟಿದ್ದೇವೆ? ನವಿಲಿನ ಊಟವನ್ನು ನಾವು ನೀಡುವುದಿಲ್ಲ, ಹೊಲದವನು ನೀಡುತ್ತಾನೆ. ಅವನ ನಷ್ಟಕ್ಕೆ ತಕ್ಕ ಪರಿಹಾರ ಸಕಾಲಕ್ಕೆ ಸಿಕ್ಕುವಂತೆ ಕೇಳುವುದು, ಗುಡ್ಡದ ಕುರುಚಲು ಕಾಡನ್ನು ಕಡಿದು ಕಲ್ಲುಗಣಿ ಮಾಡದಂತೆ ನೋಡಿಕೊಳ್ಳುವುದು, ಇವು ಪಟ್ಟಣದವರ ಪಾಲಿನ ಕೆಲಸ. ಕಾಡಿನಲ್ಲಿ ಮೇವಿದ್ದರೆ ಹೊಲಕ್ಕೆ ಬರುವ ಹಕ್ಕಿ ಅಷ್ಟು ಕಡಿಮೆಯಾದೀತು.

ಮಸ್ಕಿಯ ಶಾಸನದಲ್ಲಿ ಇನ್ನೊಂದು ಮಾತುಂಟು. ಧರ್ಮದಿಂದ ದೊರೆಯುವ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂದು ಅರಸನು ಅಲ್ಲಿ ಸಾರಿದ್ದಾನೆ. ಸಣ್ಣವನು ತನ್ನ ಪಾಲನ್ನು ಬಿತ್ತನೆಯ ಕಾಳಿನಲ್ಲಿ ತೆರುತ್ತಲೇ ಇದ್ದಾನೆ. ದೊಡ್ಡವರು ತಮ್ಮ ಪಾಲನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಎರ್ರಗುಡಿಯ ಬಂಡೆ ಹೇಳುತ್ತದೆ: ತಮ್ಮ ಮನೆಯಿಂದ.