ಖಾಲಿ ಶುಕ್ರವಾರ

ನಮ್ಮ ತಂದೆ ಊಟವಾದ ಮೇಲೆ ತಮ್ಮ ಎಲೆಯನ್ನು ತಾವೇ ಎತ್ತುತ್ತಿದ್ದರು. ಮನೆಯಲ್ಲಷ್ಟೇ ಅಲ್ಲ, ಮದುವೆ ಮುಂಜಿಯಲ್ಲೂ. ನನ್ನ ತಂಗಿಯ ಮದುವೆಯ ದಿನ ಹೆಣ್ಣಿನ ಅಪ್ಪ ಅನ್ನಿಸಿಕೊಂಡವರು ಬೀಗರ ಪಂಕ್ತಿಯಲ್ಲಿ ಉಂಡು ಎದ್ದವರೇ ಬಗ್ಗಿ, ಎಲೆ ಮಡಿಸಿ ಕೈಗೆತ್ತಿಕೊಂಡರು. ಅಡುಗೆಯವರು ಓಡಿಬಂದು ಕಿತ್ತುಕೊಂಡರು. ಬೀಗರ ಕಡೆಯ ಹೆಂಗಸರು ಮುಸಿಮುಸಿ ನಕ್ಕರು. ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ಹೇಳಿದ್ದು ಇಷ್ಟೇ: "ಆರು ವರ್ಷದ ಅಭ್ಯಾಸ ಕಣೇ, ಕೈ ತಾನಾಗೇ ಹೋಗುತ್ತೆ."

ಆ ಆರು ವರ್ಷ, ಅಂದರೆ 1932ರಿಂದ 1938ರವರೆಗೆ, ಅವರು ಮೈಸೂರಿನಲ್ಲಿ ವಾರಾನ್ನದ ಹುಡುಗ.

ವಾರಾನ್ನ ಎಂಬ ಮಾತನ್ನು ಈಗಿನವರು ಹಳಬರ ಆತ್ಮಕಥೆಗಳಲ್ಲಿ ಓದಿರುತ್ತಾರೆ. ಹಳ್ಳಿಯಲ್ಲಿ ಓದು ಮಿಡ್ಲ್‌ಸ್ಕೂಲಿಗೆ ಮುಗಿಯುತ್ತಿತ್ತು. ಮುಂದೆ ಬೇಕೆಂದರೆ ಪೇಟೆ ಸೇರಬೇಕು. ಪೇಟೆಯಲ್ಲಿ ನೆಂಟರಿಲ್ಲ, ಹೋಟೆಲಿಗೆ ಕಾಸಿಲ್ಲ. ಆಗ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳುವುದು. ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ. ಯಾವ ಮನೆಗೂ ಹೊರೆಯಾಗದು, ಹುಡುಗನ ಹೊಟ್ಟೆಯೂ ನಡೆಯುತ್ತದೆ. ಮನೆಯವರಿಗೆ ಪುಣ್ಯ, ಜೊತೆಗೆ ಬಾವಿಯಿಂದ ನಾಲ್ಕು ಕೊಡ ನೀರು ಸೇದಿಕೊಡುವ, ಪೂಜೆಗೆ ಹೂವು ತರುವ, ಮಕ್ಕಳಿಗೆ ಮಗ್ಗಿ ಹೇಳಿಸುವ ಒಂದು ಜೋಡಿ ಕೈ.

ಯಾರ ಮನೆಯಲ್ಲಿ ಯಾವ ವಾರ ಖಾಲಿ ಇದೆ ಎಂದು ಹಳ್ಳಿಯಿಂದ ಬಂದ ಹದಿಮೂರರ ಹುಡುಗನಿಗೆ ಹೇಳುವವರು ಯಾರು? ಅಪ್ಪನಿಗೆ ಹೇಳಿದವರು ಚಾಮುಂಡಿಪುರದ ಒಬ್ಬ ಪುರೋಹಿತರು. ಮನೆಮನೆಗೆ ಹೋಗಿ ಪಂಚಾಂಗ ಹೇಳುವವರಿಗೆ ಗೊತ್ತಿರದ ಸಂಗತಿ ಏನಿದೆ? "ವಕೀಲರ ಮನೇಲಿದ್ದ ಹುಡುಗನಿಗೆ ತಿಪಟೂರಲ್ಲಿ ಕೆಲಸ ಸಿಕ್ತು, ಅವರಲ್ಲಿ ಬುಧವಾರ ಖಾಲಿ ಬಿದ್ದಿದೆ, ಇವತ್ತೇ ಹೋಗು, ನಾಳೆಗೆ ಇನ್ನೊಬ್ಬ ಬಂದುಬಿಡ್ತಾನೆ" ಎಂದು ಅವರು ಹೇಳಿದ್ದನ್ನು ಅಪ್ಪ ಎಪ್ಪತ್ತರ ವಯಸ್ಸಿನಲ್ಲೂ ಅವರದೇ ಧಾಟಿಯಲ್ಲಿ ಹೇಳುತ್ತಿದ್ದರು. ಹೈಸ್ಕೂಲಿನ ಮೇಷ್ಟ್ರು, ದೇವಸ್ಥಾನದ ಅರ್ಚಕರು, ಇಂಥವರೇ ಆ ಕಾಲದ ಮಾಹಿತಿ ಕೇಂದ್ರ. ಅರ್ಜಿಯಿಲ್ಲ, ರಸೀತಿಯಿಲ್ಲ.

ಅಪ್ಪನ ವಾರದ ಪಟ್ಟಿ ನನಗೆ ಬಾಯಿಪಾಠ. ಸೋಮವಾರ ಅಗ್ರಹಾರದಲ್ಲಿ ಒಬ್ಬ ಗುಮಾಸ್ತರ ಮನೆ. ಅನ್ನ ಕಡಿಮೆ, ಮಾತು ಜಾಸ್ತಿ. ಮಂಗಳವಾರ ಮಡಿ ಹೆಂಗಸೊಬ್ಬರ ಮನೆ. ಅವರೇ ಇನ್ನೊಬ್ಬರ ಹಂಗಿನಲ್ಲಿದ್ದವರು, ಆದರೂ ಹುಡುಗನಿಗೆ ಕೆನೆಮೊಸರು ಎತ್ತಿಟ್ಟಿರುತ್ತಿದ್ದರು. ಬುಧವಾರ ವಕೀಲರು, ದೊಡ್ಡ ಮನೆ, ಮನೆಮಂದಿಯೆಲ್ಲ ಉಂಡ ಮೇಲೆ ಎರಡು ಗಂಟೆಗೆ ಎಲೆ, ಆ ಹೊತ್ತಿಗೆ ಸ್ಕೂಲಿನಲ್ಲಿ ಲೆಕ್ಕದ ಪೀರಿಯಡ್ಡು ಮುಗಿದಿರುತ್ತಿತ್ತು. ಅಪ್ಪ ಲೆಕ್ಕದಲ್ಲಿ ಹಿಂದೆ ಬಿದ್ದದ್ದಕ್ಕೆ ವಕೀಲರ ಮನೆಯ ಊಟದ ವೇಳೆಯೇ ಕಾರಣ ಎಂದು ಕೊನೆವರೆಗೂ ವಾದಿಸುತ್ತಿದ್ದರು. ಗುರುವಾರ ಮಾಧ್ವರ ಮನೆ. ಅಂದು ಏಕಾದಶಿ ಬಿತ್ತೋ, ಮನೆಯವರ ಜೊತೆ ಅವರಿಗೂ ಉಪವಾಸ. ಶನಿವಾರ, ಭಾನುವಾರ ಕೃಷ್ಣಮೂರ್ತಿಪುರದಲ್ಲಿ ಎರಡು ಮನೆ. ಯಾವುದಾದರೂ ಮನೆಗೆ ಸೂತಕ ಬಂದರೆ ಹತ್ತು ದಿನ ಆ ವಾರ ಹೋಯಿತು ಎಂದು ಲೆಕ್ಕ.

ಶುಕ್ರವಾರ ಖಾಲಿ. ಆರು ವರ್ಷವೂ ಶುಕ್ರವಾರಕ್ಕೆ ಮನೆ ಸಿಗಲೇ ಇಲ್ಲ. ಸಂಜೆ ದೇವಸ್ಥಾನದಲ್ಲಿ ಕಡಲೆ ಉಸಲಿ ಹಂಚುವವರೆಗೆ ಕಾಯುವುದು. ನಮ್ಮ ಮನೆಯಲ್ಲಿ ಶುಕ್ರವಾರ ಯಾರೇ ಬರಲಿ ಊಟಕ್ಕೆ ಕೂರಿಸದೆ ಕಳಿಸಬಾರದು ಎಂಬ ಕಟ್ಟಳೆ ಇತ್ತು. ಲಕ್ಷ್ಮಿಯ ವಾರ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಉಂಡ ಮೇಲೆ ಎಲೆ ಎತ್ತಿ, ಕೂತ ಜಾಗಕ್ಕೆ ಸಗಣಿ ಹಾಕಿ ಸಾರಿಸಿ ಬರಬೇಕಿತ್ತು. ಕೆಲವು ಮನೆಗಳಲ್ಲಿ ಬೇಡ ಅನ್ನುತ್ತಿದ್ದರಂತೆ. ಬೇಡ ಅಂದ ಕಡೆಯೂ ಅಪ್ಪ ಸಾರಿಸುತ್ತಿದ್ದರು. ಇವತ್ತು ಬೇಡ ಅಂದವರು ನಾಳೆ ಏನನ್ನುವರೋ, ಯಾರು ಕಂಡರು.

ಸಭೆಗಳಲ್ಲಿ ಹಿರಿಯರು ವಾರಾನ್ನವನ್ನು ಹೊಗಳುವಾಗ ನಾನು ತಲೆಯಾಡಿಸುತ್ತೇನೆ, ಆದರೆ ಅರ್ಧಕ್ಕೆ. ಪರರ ಮಕ್ಕಳಿಗೆ ಅನ್ನವಿಕ್ಕಿದ ಆ ತಾಯಂದಿರು ದೊಡ್ಡವರು, ಅದರಲ್ಲಿ ಮಾತಿಲ್ಲ. ಆದರೆ ಬಾಗಿಲು ತಟ್ಟಿದ ಹುಡುಗನಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ "ಊಟ ಆಯಿತಾ" ಎಂದಲ್ಲ, "ಯಾರ ಪೈಕಿ" ಎಂದು. ಸರಿಯಾದ ಉತ್ತರ ಇದ್ದವನಿಗೆ ಒಳಗೆ ಎಲೆ. ಉಳಿದವರು ಆ ಬೀದಿಗೇ ಬರುತ್ತಿರಲಿಲ್ಲ, ಹಾಗಾಗಿ ಯಾರೂ ಅವರನ್ನು ವಾಪಸು ಕಳಿಸಿದ ಪಾಪಕ್ಕೂ ಬೀಳಲಿಲ್ಲ. ಇನ್ನು ಹುಡುಗಿಯರಿಗೆ ವಾರಾನ್ನ ಎಂಬುದೇ ಇರಲಿಲ್ಲ. ಬೀದಿ ಬೀದಿ ಸುತ್ತಿ ಉಣ್ಣುವ ಹೆಣ್ಣುಮಗಳನ್ನು ಓದಿಸಬೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಸೋದರತ್ತೆ ನಾಲ್ಕನೇ ಕ್ಲಾಸಿಗೆ ನಿಂತರು. ಅಪ್ಪನಿಗಿಂತ ಲೆಕ್ಕದಲ್ಲಿ ಚುರುಕಾಗಿದ್ದರಂತೆ.

ಅಪ್ಪನಿಗೆ ಇನ್ನೊಂದು ದಾರಿಯೂ ಇತ್ತು. ಮೈಸೂರಿನಲ್ಲಿ ತಾತಯ್ಯನವರ ಹೆಸರಿನ ಜೊತೆ ಬೆರೆತುಹೋಗಿರುವ ಅನಾಥಾಲಯ. ತಾತಯ್ಯ ಎಂದರೆ ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದ, ಪತ್ರಿಕೆಗಳನ್ನು ನಡೆಸಿದ ಎಂ. ವೆಂಕಟಕೃಷ್ಣಯ್ಯನವರು. ಅಲ್ಲಿ ಸೇರಿಸೋಣ ಎಂದು ಊರಿನ ಮೇಷ್ಟ್ರು ಹೇಳಿದಾಗ ನಮ್ಮ ತಾತ ಕೆಂಡವಾದರಂತೆ. "ಅನಾಥ ಅನ್ನಿಸಿಕೊಳ್ಳೋಕೆ ನಾನೇನು ಸತ್ತಿದ್ದೀನಾ?" ಒಂದು ಹೆಸರಿನ ದೆಸೆಯಿಂದ ಅಪ್ಪನಿಗೆ ಶುಕ್ರವಾರದ ಊಟ ತಪ್ಪಿತು.

"ಯಾರ ಪೈಕಿ" ಎಂಬ ಆ ಪ್ರಶ್ನೆಗೆ ಉತ್ತರವಾಗಿಯೇ ಈ ನಾಡಿನ ಉಚಿತ ವಿದ್ಯಾರ್ಥಿನಿಲಯಗಳು ಹುಟ್ಟಿದವು ಎಂದು ನನ್ನ ತಿಳಿವಳಿಕೆ. ನಿಮ್ಮ ಬಾಗಿಲು ನಮಗೆ ತೆರೆಯದಿದ್ದರೆ ನಮ್ಮದೇ ಬಾಗಿಲು ಮಾಡಿಕೊಳ್ಳುತ್ತೇವೆ ಎಂದರು ಒಂದೊಂದು ಸಮುದಾಯದವರೂ. ಧಾರವಾಡದ ಕಡೆ ಲಿಂಗಾಯತ ಮುಖಂಡರು 1883ರಲ್ಲೇ ಓದುವ ಹುಡುಗರಿಗಾಗಿ ನಿಧಿ ಕಟ್ಟಿದ್ದರು. ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ಪ್ರಯಾಣಿಕರಿಗೆ ತಂಗಲು ಜಾಗ, ಜೊತೆಗೆ ವಿದ್ಯಾರ್ಥಿಗಳಿಗೆ ಆಸರೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ಆ ಮನುಷ್ಯ ಅಲ್ಲಿ ಸುರಿದರು. ಅಲ್ಲಿದ್ದುಕೊಂಡು ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದ ಒಬ್ಬ ಹುಡುಗ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು, ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ ತಂದು ಸಾವಿರಾರು ಮಕ್ಕಳಿಗೆ ಅನ್ನ ಹಾಕಿದರು. ನಾನು ತುಮಕೂರು ಜಿಲ್ಲೆಯಲ್ಲಿ ಸರ್ಕಾರಿ ಹಾಸ್ಟೆಲಿನಲ್ಲಿ ಕೆಲಸ ಮಾಡಿದವನು. ಮಠದಲ್ಲಿ ಜಾತಿ ಕೇಳದೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ನಮ್ಮಲ್ಲಿ ಸೀಟು ಸಿಗದ ಹುಡುಗರ ತಾಯಂದಿರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. "ಇಲ್ಲದಿದ್ರೆ ಬುಡು ಸಾಮಿ, ಮಠ ಐತೆ" ಎಂದು ನನಗೇ ಧೈರ್ಯ ಹೇಳಿ ಹೋಗುತ್ತಿದ್ದರು.

1906ರಲ್ಲಿ ಒಕ್ಕಲಿಗರ ಸಂಘ. 1918ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮಿಲ್ಲರ್ ಸಮಿತಿ ಕೂತು, ಸರ್ಕಾರಿ ಕೆಲಸವೆಲ್ಲ ಒಂದೇ ಕಡೆ ಸೇರಿರುವುದನ್ನು ಲೆಕ್ಕ ಹಾಕಿ ತೋರಿಸಿತು. ಕೆಲಸ ಬೇಕಾದರೆ ಓದು, ಓದು ಬೇಕಾದರೆ ಪೇಟೆಯಲ್ಲಿ ಅನ್ನ. ಆಮೇಲಿನ ದಶಕಗಳಲ್ಲಿ ದೇವಾಂಗ, ಕುರುಬ, ಜೈನ, ಮುಸ್ಲಿಂ, ವೈಶ್ಯ ಎಂದು ಹಾಸ್ಟೆಲುಗಳ ಬೋರ್ಡುಗಳು ಎದ್ದವು. 1941ರಲ್ಲಿ ಸುತ್ತೂರು ಮಠ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯ ತೆರೆಯಿತು. ಹಳೆಯ ಪ್ರಶ್ನೆ ಹಾಗೇ ಉಳಿಯಿತು, ಆದರೆ ಯಾವ ಉತ್ತರ ಹೇಳಿದರೂ ಎಲ್ಲೋ ಒಂದು ಬಾಗಿಲು ಇತ್ತು. ಇದನ್ನು ಜಾತೀಯತೆ ಎಂದು ಮೂಗು ಮುರಿಯುವ ವಿದ್ವಾಂಸರಿದ್ದಾರೆ. ಅವರು ಶುಕ್ರವಾರ ಉಪವಾಸ ಕೂತವರಲ್ಲ.

ಎಲ್ಲೋ ಒಂದು ಬಾಗಿಲು ಎಂದೆ. ಒಂದು ಗುಂಪಿಗೆ ಅದೂ ಇರಲಿಲ್ಲ, ಕಟ್ಟಿಕೊಳ್ಳಲು ದುಡ್ಡಿದ್ದ ಸಾಹುಕಾರರೂ ಅವರಲ್ಲಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಐದು ವರ್ಷಕ್ಕೆ, 1897ರಲ್ಲಿ, ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ವಕೀಲರು, ಸಾರಸ್ವತ ಬ್ರಾಹ್ಮಣರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನ ಊಟ, ಮೇಲೆ ದಿನಕ್ಕೆ ಎರಡು ಪೈಸೆ. ಎರಡು ಪೈಸೆ ಯಾಕೆ ಎಂದು ನಾನು ನೌಕರಿಗೆ ಸೇರುವವರೆಗೆ ನನಗೆ ಹೊಳೆದಿರಲಿಲ್ಲ. ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೂಲಿ ತಪ್ಪುತ್ತದೆ. ಊಟ ಹಾಕಿದರೆ ಮಗುವಿನ ಹೊಟ್ಟೆ ತುಂಬಿತು. ತಪ್ಪಿದ ಕೂಲಿಗೆ ಯಾರು ಕೊಡುತ್ತಾರೆ? ರಂಗರಾಯರು ಆ ಲೆಕ್ಕವನ್ನೂ ಹಾಕಿದ್ದರು. 1928ರಲ್ಲಿ ತೀರಿಕೊಂಡಾಗ ತಮ್ಮ ಹೆಣಕ್ಕೆ ಹೆಗಲು ಕೊಡುವವರು ಆ ಮಕ್ಕಳ ಕಡೆಯವರೇ ಆಗಬೇಕು ಎಂದು ಹೇಳಿಟ್ಟು ಹೋದರು.

ವಾರಾನ್ನ ಹೇಗೆ ನಿಂತಿತು ಎಂದು ಅಪ್ಪನನ್ನು ಕೇಳಿದ್ದೆ. ಅವರ ಪ್ರಕಾರ ಅದನ್ನು ನಿಲ್ಲಿಸಿದ್ದು ಸುಧಾರಕರಲ್ಲ, ರೇಷನ್ ಕಾರ್ಡು. ಎರಡನೇ ಯುದ್ಧದ ಕಾಲದಲ್ಲಿ ಅಕ್ಕಿ ತಲೆಗಿಷ್ಟು ಎಂದು ಅಳೆದು ಕೊಡಲು ಶುರುವಾಯಿತು. ಕಾರ್ಡಿನಲ್ಲಿ ಹೆಸರಿಲ್ಲದ ಬಾಯಿಗೆ ಪಾಲು ಎಲ್ಲಿಂದ ಬರಬೇಕು? ಕೆನೆಮೊಸರಿನ ಆ ತಾಯಿಯ ಮನೆಯಲ್ಲಿ ಅಪ್ಪನ ನಂತರ ಉಣ್ಣುತ್ತಿದ್ದ ಹುಡುಗನಿಗೆ ಆಕೆ ಅತ್ತುಕೊಂಡು ಬೇಡ ಅಂದರಂತೆ.

ನನ್ನ ಪಾಲಿಗೆ ಬಂದದ್ದು ಕಾರ್ಡಿನ ಕಾಲ, ಓದುವ ಹುಡುಗರ ಅನ್ನವೂ ಸರ್ಕಾರದ ಲೆಕ್ಕಕ್ಕೆ ಬಂದ ಕಾಲ. ದೇವರಾಜ ಅರಸರು ತಾವೇ ಮೈಸೂರಿನ ಅರಸು ಬೋರ್ಡಿಂಗ್ ಸ್ಕೂಲಿನಲ್ಲಿ ಬೆಳೆದವರು. ಹಾಸ್ಟೆಲ್ಲಿನ ಸಾರು ಏನೆಂದು ಗೊತ್ತಿದ್ದ ಮುಖ್ಯಮಂತ್ರಿ. 1972ರಲ್ಲಿ ಹಾವನೂರು ಆಯೋಗ, 1975ರಲ್ಲಿ ಅದರ ವರದಿ, 1977ರಲ್ಲಿ ಹಿಂದುಳಿದ ವರ್ಗಗಳಿಗೇ ಒಂದು ಇಲಾಖೆ. ನಾನು ಅದಾಗಿ ಕೆಲವೇ ವರ್ಷಕ್ಕೆ ಆ ಇಲಾಖೆಯ ಹಾಸ್ಟೆಲಿಗೆ ನಿಲಯಪಾಲಕನಾಗಿ ಸೇರಿದೆ. ವಾರ್ಡನ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಿಲಯಪಾಲಕ ಎಂದರೆ ನಾಟಕದ ಪಾತ್ರದ ಹಾಗೆ ಕೇಳಿಸುತ್ತದೆ. ಭಾನುವಾರ ಮೊಟ್ಟೆ ಕೊಡಬೇಕಿತ್ತು. ಮೊಟ್ಟೆ ಮುಟ್ಟದ ಮನೆಯಿಂದ ಬಂದ ನಾನು ಬೇಯಿಸಿದ ಐವತ್ತು ಮೊಟ್ಟೆ ಎಣಿಸಿ ಕೊಡುತ್ತಿದ್ದೆ. ಮೊದಲ ಭಾನುವಾರ ಕೈ ನಡುಗಿ ಎರಡು ಸಲ ಎಣಿಸಿದೆ. ಹುಡುಗರು ಇದನ್ನು ನೋಡಿ, ಸಾರ್ ಬಹಳ ಜಿಪುಣ ಎಂದು ತೀರ್ಮಾನಿಸಿದರು.

ಬಾಡಿಗೆಯ ಹಳೇ ಮನೆ, ಏಳು ಕೋಣೆ, ಐವತ್ತು ಹುಡುಗರು. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ರಾತ್ರಿ ಮುದ್ದೆ, ಸೊಪ್ಪಿನ ಸಾರು. ತಗಡಿನ ಟ್ರಂಕು, ತಟ್ಟೆ, ಲೋಟ ಅವರವರದೇ. ತಟ್ಟೆಯ ಹಿಂದೆ ಮೊಳೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿರುತ್ತಿದ್ದರು.

1984ರ ಜುಲೈ ಕೊನೆ. ಮಳೆಯಲ್ಲಿ ನೆಂದು ಒಬ್ಬ ತಾಯಿ, ಎಂಟನೇ ಕ್ಲಾಸಿನ ಹುಡುಗ. ಸೀಟು ಭರ್ತಿಯಾಗಿತ್ತು. ನಾನು ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದೆ: "ಯಾವ ಜನ? ಸರ್ಟಿಫಿಕೇಟು ತಂದಿದ್ದೀರಾ?" ಕೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಗ್ರಹಾರದ ಬಾಗಿಲಲ್ಲಿ ಅಪ್ಪನನ್ನು ಕೇಳಿದ್ದೂ ಇದನ್ನೇ. ನಾನು ಅದಕ್ಕೆ ರಬ್ಬರ್ ಸ್ಟಾಂಪು ಸೇರಿಸಿದ್ದೆ, ಅಷ್ಟೇ. ಸರ್ಟಿಫಿಕೇಟು ಇರಲಿಲ್ಲ. ಒಂದು ಕಚೇರಿಗೆ ಮೂರು ಸಲ ಅಲೆದಿದ್ದಳಂತೆ. ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಯಿತು. ರಂಗರಾಯರ ಎರಡು ಪೈಸೆ ನನಗೆ ಅರ್ಥವಾದದ್ದು ಆಗ.

ಹುಡುಗ ಅಂದು ರಾತ್ರಿ ಮಲಗಲಿ, ಬೆಳಿಗ್ಗೆ ನೋಡೋಣ ಎಂದೆ. ಆಮೇಲೆ ನಾನು ನೋಡಲು ಹೋಗಲಿಲ್ಲ. ಲೆಕ್ಕದಲ್ಲಿ ಐವತ್ತೇ ತಟ್ಟೆ, ದಾಸ್ತಾನು ಪುಸ್ತಕದಲ್ಲಿ ಐವತ್ತಕ್ಕೆ ಮಾತ್ರ ರಾಗಿ. ಒಂದು ವಾರ ಕಳೆದ ಮೇಲೆ ಅಡುಗೆಯವನನ್ನು ಕೇಳಿದೆ, ಐವತ್ತೊಂದನೆಯವನು ಏನು ತಿನ್ನುತ್ತಿದ್ದಾನೆ ಎಂದು. ಅವನು ನಗುತ್ತಾ ಅಡುಗೆಮನೆಯ ಗೋಡೆ ತೋರಿಸಿದ. ಇದ್ದಿಲಿನಲ್ಲಿ ಬರೆದಿದ್ದರು: ಸೋಮವಾರ ಒಂದನೇ ಕೋಣೆ, ಮಂಗಳವಾರ ಎರಡನೇ ಕೋಣೆ, ಹೀಗೆ ಏಳರವರೆಗೆ. ಆಯಾ ದಿನ ಆಯಾ ಕೋಣೆಯ ಹುಡುಗರು ತಮ್ಮ ಮುದ್ದೆಯಿಂದ ಒಂದೊಂದು ತುತ್ತು ಮುರಿದು ಅವನ ತಟ್ಟೆಗೆ ಹಾಕುತ್ತಿದ್ದರು. ವಾರಾನ್ನ ಎಂಬ ಮಾತನ್ನು ಅವರಲ್ಲಿ ಒಬ್ಬನೂ ಕೇಳಿರಲಿಲ್ಲ. ಅವರ ಹಿಂದಿನವರನ್ನು ಯಾವ ವಾರದ ಮನೆಯೂ ಒಳಗೆ ಕರೆದಿರಲಿಲ್ಲ.

ಸರ್ಟಿಫಿಕೇಟು ಸಿಕ್ಕಿದ್ದು ಅಕ್ಟೋಬರಿನಲ್ಲಿ, ಒಬ್ಬ ಹುಡುಗ ಬಿಟ್ಟುಹೋದ ಸೀಟು ಅವನಿಗಾಯಿತು. ಅಷ್ಟರಲ್ಲಿ ದಸರಾ ರಜಕ್ಕೆ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಗೋಡೆಯ ಇದ್ದಿಲಿನ ಬರಹದವರೆಗೂ ಸುಮ್ಮನೆ ಕೇಳಿದರು. ಆಮೇಲೆ ನಶ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಶುಕ್ರವಾರ ಯಾರದ್ದೋ?" ಎಂದರು.

"ಐದನೇ ಕೋಣೆಯವರದ್ದು."

"ತಪ್ಪಿಸ್ತಾರಾ?"

"ಇಲ್ಲ" ಎಂದೆ.

ಒಂದು ಚಿಟಿಕೆ ಏರಿಸಿ, ಎರಡು ಸಲ ಜೋರಾಗಿ ಸೀನಿ, ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.